ಸಪ್ಪೆಯಕ್ಕನ ಕೋಳಿಗಳ ಪಥ್ಯ

ಆಸ್ಪತ್ರೆಯ ಪಥ್ಯದ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಸೌಟು ಹಿಡಿದವಳನ್ನು ಜನ ಸಪ್ಪೆಯಕ್ಕ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಕರೆಯುವಷ್ಟು ಸಿಟ್ಟಿದ್ದವರಿಗೆ ಬಿಪಿಯೂ ಇರುತ್ತಿತ್ತು, ಬಿಪಿ ಇದ್ದವರ ತಟ್ಟೆ ಅವಳ ಕೈಯಲ್ಲಿರುತ್ತಿತ್ತು.

ಅವಳ ಅಡುಗೆಯಲ್ಲಿ ಉಪ್ಪಿಲ್ಲ, ಎಣ್ಣೆಯಿಲ್ಲ, ಖಾರವಿಲ್ಲ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ಅಡುಗೆಮನೆಯ ಗೋಡೆಯ ಮೇಲೆ ಅವಳೇ ದಪ್ಪಕ್ಷರದಲ್ಲಿ ಬರೆದಿದ್ದಳು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಉಳಿದರ್ಧವನ್ನು ಜಾಗ ಸಾಲದೆ ಬಿಟ್ಟಿದ್ದಳು. ಜಾಗವಿದ್ದಿದ್ದರೂ ಬರೆಯುತ್ತಿರಲಿಲ್ಲ ಎಂದು ಪಾತ್ರೆ ತೊಳೆಯುವವರು ಗೊಣಗುತ್ತಿದ್ದರು. ಹಾಗಂತ ಅವಳೇನೂ ಮೋಸಗಾತಿಯಲ್ಲ. ರೋಗಿಗಳಿಗೆ ಬಡಿಸಿದ್ದನ್ನೇ ತಾನೂ ಉಣ್ಣುತ್ತಿದ್ದಳು. ಮನೆಯಲ್ಲೂ ಉಪ್ಪಿನ ಡಬ್ಬಿ ಇರಲಿಲ್ಲ.

ಅವಳಿಗಿದ್ದದ್ದು ಒಂದೇ ಹೆಮ್ಮೆ. ಅವಳ ತಟ್ಟೆಗಳು ವಾರ್ಡಿನಿಂದ ಖಾಲಿಯಾಗಿಯೇ ವಾಪಸ್ಸು ಬರುತ್ತಿದ್ದವು. ನಿವೃತ್ತಿಯ ದಿನ ದೊಡ್ಡ ಡಾಕ್ಟರು ಮೈಕಿನ ಮುಂದೆ ನಿಂತು, “ಮೂವತ್ತೊಂದು ವರ್ಷದಲ್ಲಿ ಒಂದು ತಟ್ಟೆಯಲ್ಲೂ ಅಗುಳು ಉಳಿದಿಲ್ಲ” ಎಂದಿದ್ದರು. ಆ ತಟ್ಟೆಗಳನ್ನು ಗಾಡಿಯಲ್ಲಿ ತಳ್ಳಿಕೊಂಡು ಹೋಗಿ ತರುತ್ತಿದ್ದ ವಾರ್ಡಣ್ಣ ಆಗ ಕೊನೆಯ ಸಾಲಿನಲ್ಲಿ ಕೂತು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಈಗ ಅವನ ಮನೆ ಅವಳ ಹಿತ್ತಿಲ ಗೋಡೆಯ ಆಚೆಗೇ ಇತ್ತು.

ನಿವೃತ್ತಿಯಾದವಳಿಗೆ ಯಾರಿಗಾದರೂ ಪಥ್ಯ ಮಾಡಿ ಹಾಕದಿದ್ದರೆ ನಿದ್ದೆ ಬರುತ್ತಿರಲಿಲ್ಲ. ನಾಲ್ಕು ಕೋಳಿ ತಂದಳು. ದಪ್ಪನೆಯ ಕೆಂಪು ಹೇಂಟೆಗೆ ಮೇಟ್ರನ್ ಎಂದು ಹೆಸರಿಟ್ಟಳು. ಉಳಿದ ಮೂರಕ್ಕೂ ಸೇರಿಸಿ ಜನರಲ್ ವಾರ್ಡು. ಮುರಿದ ಜೋಳ, ತೌಡು, ಹಿಂಡಿ, ಒಣಮೀನಿನ ಪುಡಿ, ಮೊಟ್ಟೆಯ ಸಿಪ್ಪೆ ಗಟ್ಟಿಯಾಗಲೆಂದು ಚಿಪ್ಪಿನ ಪುಡಿ, ಎಲ್ಲವನ್ನೂ ತಕ್ಕಡಿಯಲ್ಲಿ ತೂಗಿ ಬೆರೆಸಿ ಇಟ್ಟಳು. ಕೋಳಿಗಳು ಜೋಳ ಹೆಕ್ಕಿ ತಿಂದವು, ಉಳಿದದ್ದನ್ನು ಕಾಲಿನಿಂದ ಕೆದರಿ ಎಸೆದವು.

“ತಿನ್ರೇ, ಬಿಂಕದ ಮುಂಡೇವಾ! ಒಂದ್ಸಲ ಬಾಯಿಗಾದ್ರೂ ಇಟ್ಟು ನೋಡ್ರೇ!”

ಮೇಟ್ರನ್ ಕತ್ತು ಓರೆ ಮಾಡಿ ಏನೋ ಎದುರು ಮಾತಾಡಿತು. ಆ ಮನೆಯಲ್ಲಿ ಅವಳಿಗೆ ಎದುರಾಡುವ ಜೀವ ಅದೊಂದೇ. ಅದಕ್ಕೇ ಅದರ ಮೇಲೆ ಅವಳಿಗೆ ಪ್ರಾಣ.

ಹೆಕ್ಕಲಾಗದಂತೆ ನೀರು ಹಾಕಿ ಮುದ್ದೆ ಮಾಡಿಟ್ಟಳು. ಕೋಳಿಗಳು ಅದರ ಸುತ್ತ ಒಂದು ಸುತ್ತು ಹಾಕಿ ನೆರಳಿಗೆ ಹೋದವು. ಮಧ್ಯಾಹ್ನದವರೆಗೆ ಉಪವಾಸ ಕೆಡವಿದಳು. ಅವು ಒಂದು ಮಾತೂ ಆಡದೆ ಉಪವಾಸ ಮಾಡಿದವು. ಅನುಮಾನ ಅಲ್ಲೇ ಬರಬೇಕಿತ್ತು, ಬರಲಿಲ್ಲ.

ಒಂದು ಬೆಳಿಗ್ಗೆ ಮೇಟ್ರನ್ ಸಿಪ್ಪೆಯೇ ಇಲ್ಲದ ಮೊಟ್ಟೆ ಇಟ್ಟಿತು. ಅದು ಒದ್ದೆ ಬಲೂನಿನಂತೆ ಅಕ್ಕನ ಕೈಯಲ್ಲಿ ಜೋಲಾಡಿತು. ಕೋಳಿಯನ್ನು ಬುಟ್ಟಿಗೆ ಹಾಕಿಕೊಂಡು ದನದ ಡಾಕ್ಟರ ಹತ್ತಿರ ಓಡಿದಳು. ಅವರು ಅದರ ಕತ್ತಿನ ಕೆಳಗಿನ ಕಾಳಿನ ಚೀಲವನ್ನು ಒತ್ತಿ ನೋಡಿದರು.

“ಅಮ್ಮಾ, ಇದು ಉಪವಾಸ ಇಲ್ಲ. ಹೊಟ್ಟೆ ತುಂಬಿದೆ. ಬೇರೆಲ್ಲೋ ಮೆಸ್ ಹಚ್ಕೊಂಡಿದೆ.”

“ನನ್ನ ಕೋಳೀನಾ?”

“ನಿಮ್ಮದೇ. ತಿಂದಿದ್ದರಲ್ಲಿ ಸುಣ್ಣದ ಅಂಶವೇ ಇಲ್ಲ. ಹೀಗೇ ಬಿಟ್ರೆ ಒಂದಿನ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತೆ. ಆಮೇಲೆ ಕೋಳಿ ಉಳಿಯಲ್ಲ.”

ಅವತ್ತು ಊಟವಾದ ಮೇಲೆ ಅಕ್ಕ ಬಚ್ಚಲಿನಲ್ಲಿ ಸ್ಟೂಲು ಹಾಕಿ ಹತ್ತಿ, ಕಿಂಡಿಗೆ ಕಣ್ಣಿಟ್ಟು ನಿಂತಳು. ಮಂಡಿ ನೋವು ಅವಳ ಜೊತೆಗೇ ನಿಂತಿತ್ತು. ನಾಲ್ಕು ಗಂಟೆ ಹೊಡೆಯುತ್ತಿದ್ದಂತೆ ನಾಲ್ಕೂ ಕೋಳಿಗಳು ಗೋಡೆಯ ಕೆಳಗೆ ಸಾಲಾಗಿ ಬಂದು ನಿಂತವು. ಗೋಡೆಯ ಮೇಲಿಂದ ಒಂದು ಕೈ ಇಳಿಯಿತು. ಕೈಯಲ್ಲಿ ಬಿಸ್ಕತ್ತಿನ ಚೂರು.

ಆ ವಯಸ್ಸಿನಲ್ಲಿ ಯಾರೂ ಓಡದಷ್ಟು ಜೋರಾಗಿ ಓಡಿ ಆ ಮಣಿಕಟ್ಟನ್ನು ಹಿಡಿದಳು.

“ನಾಚಿಕೆ ಆಗಲ್ವೇನಯ್ಯಾ? ನನ್ನ ಕೋಳಿಗೆ ಬಿಸ್ಕತ್ತು ಹಾಕ್ತೀಯಾ?”

ಗೋಡೆಯ ಮೇಲೆ ವಾರ್ಡಣ್ಣನ ಬೋಳುತಲೆ ಮೂಡಿತು. “ಅಕ್ಕಾ, ಅವು ನಿಮ್ಮ ತಟ್ಟೆ ಮುಂದೆ ಮುಖ ಸಣ್ಣ ಮಾಡ್ಕೊಂಡು ನಿಂತಿರ್ತವೆ. ನೋಡಕ್ಕಾಗಲ್ಲ. ವಾರ್ಡಲ್ಲೂ ಹಂಗೇ...”

“ವಾರ್ಡಲ್ಲೂ ಏನು?”

“ಏನಿಲ್ಲ. ನಾನ್ಯಾರಿಗೂ ಉಪ್ಪು ಕೊಟ್ಟಿಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಉಪ್ಪಿನ ಮಾತನ್ನು ಅವಳು ಎತ್ತಿಯೇ ಇರಲಿಲ್ಲ.

“ಉಪ್ಪು ಕೊಟ್ಯಾ? ಹಾರ್ಟಿನವರಿಗೆ? ಕೊಲೆಗಡುಕಾ!”

“ಅಯ್ಯೋ, ಉಪ್ಪಲ್ಲಕ್ಕಾ! ಹುರಿದ ಜೀರಿಗೆ, ಮೆಣಸು, ಒಣಗಿದ ನಿಂಬೆಸಿಪ್ಪೆ, ಅಷ್ಟರದೇ ಪುಡಿ. ದೊಡ್ಡ ಡಾಕ್ಟರನ್ನ ಕೇಳಿಯೇ ಮಾಡಿದ್ದು. ರೋಗಿಗಳ ಹತ್ರ ಮಾತ್ರ ಇದು ಉಪ್ಪು ಅಂತ ಸುಳ್ಳು ಹೇಳ್ತಿದ್ದೆ. ಜೇಬಿಂದ ಪೊಟ್ಟಣ ತೆಗೆದು, ಅಕ್ಕ ನೋಡಿದ್ರೆ ನಮ್ಮಿಬ್ಬರ ಕಥೆನೂ ಮುಗೀತು ಅಂತಿದ್ದೆ. ತಟ್ಟೆ ನೆಕ್ಕಿಬಿಡ್ತಿದ್ರು. ಕದ್ದಿದ್ದಕ್ಕೆ ರುಚಿ ಜಾಸ್ತಿ ಅಲ್ವಾ?”

ಅಂದರೆ ಡಾಕ್ಟರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಅಕ್ಕ ಅವನ ಕೈ ಬಿಟ್ಟು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದಳು. ಮೈಕಿನ ಮುಂದೆ ಕೇಳಿದ ಆ ಒಂದು ಮಾತನ್ನು ಅವಳು ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದಳೋ. ಅಳು ಬಂತು. ಅಳುವುದನ್ನು ಇವನು ನೋಡುತ್ತಿದ್ದಾನಲ್ಲ ಎಂದು ಸಿಟ್ಟೂ ಬಂತು.

“ಹಾಗಾದ್ರೆ ನನ್ನ ಅಡುಗೆ ಯಾರೂ ತಿನ್ನಲಿಲ್ಲ ಅನ್ನು.”

“ಎಲ್ಲಾ ತಿಂದ್ರಕ್ಕಾ. ಪುಡಿ ಎಷ್ಟು, ಒಂದು ಚಿಟಿಕೆ. ಚಿಟಿಕೆ ಪುಡೀಲಿ ಹೊಟ್ಟೆ ತುಂಬುತ್ತಾ? ಹೊಟ್ಟೆ ತುಂಬಿಸಿದ್ದು ನೀವೇ.”

ಮೇಟ್ರನ್ ಬಂದು ಅವಳ ಕಾಲ್ಬೆರಳನ್ನು ಕುಕ್ಕಿ, ಅದು ಬಿಸ್ಕತ್ತಲ್ಲ ಎಂದು ಗೊತ್ತಾಗಿ ಬೈದು ಹೋಯಿತು. ಅದು ಹೋದ ಕಡೆಯನ್ನೇ ನೋಡುತ್ತಿದ್ದ ಅಕ್ಕ ಮೂಗು ಒರೆಸಿಕೊಂಡಳು.

“ಕದ್ದಿದ್ದಕ್ಕೆ ರುಚಿ ಜಾಸ್ತಿ ಅಂದ್ಯಲ್ಲ. ನಾಳೆ ಬೆಳಿಗ್ಗೆ ಬೀದಿ ಬಾಗಿಲಿಂದ ಬಾ. ಕೋಳಿಗಳಿಗೆ ಕಾಣಬಾರದು.”

ಮರುದಿನದಿಂದ ನಾಟಕ ಶುರುವಾಯಿತು. ಬೆಳಿಗ್ಗೆ ಹಿಂಡಿ, ತೌಡು, ಮೀನು, ಚಿಪ್ಪು ಕಲಸಿದ ಬೋಗುಣಿಯನ್ನು ಅಕ್ಕ ಬಟ್ಟೆ ಮುಚ್ಚಿ ವಾರ್ಡಣ್ಣನಿಗೆ ಕೊಡುವಳು. ನಾಲ್ಕಕ್ಕೆ ಅವನು ಅದನ್ನೇ ಉಂಡೆ ಮಾಡಿ, ಅತ್ತಿತ್ತ ನೋಡಿ, ಗೋಡೆಯ ಮೇಲಿಂದ ಎಸೆಯುವನು. ಕೋಳಿಗಳು ಮುಗಿಬೀಳುವವು. ಆಗ ಅಕ್ಕ ಪೊರಕೆ ಹಿಡಿದು, “ಕಳ್ಳರು! ಕಳ್ಳರು!” ಎಂದು ಬಾಗಿಲಲ್ಲಿ ಕೂಗಬೇಕು. ಕೂಗಿದಷ್ಟೂ ಅವು ಬೇಗ ಬೇಗ ನುಂಗುತ್ತಿದ್ದವು. ನೆಲದ ಮೇಲೆ ಒಂದು ಚೂರು ಚಿಪ್ಪೂ ಉಳಿಯುತ್ತಿರಲಿಲ್ಲ.

ಹದಿನೈದನೆಯ ದಿನ ಮೇಟ್ರನ್ ಇಟ್ಟ ಮೊಟ್ಟೆಯನ್ನು ಅಕ್ಕ ಬೆರಳಿನಿಂದ ತಟ್ಟಿದಳು. ಟಕ್ಕೆಂದಿತು. ಬೇಯಿಸಿ, ಸಿಪ್ಪೆ ಸುಲಿದು, ಎರಡು ಹೋಳು ಮಾಡಿ, ವಾರ್ಡಣ್ಣನನ್ನು ಕರೆದು ಕೂರಿಸಿದಳು. ಇಬ್ಬರಿಗೂ ಒಂದೊಂದು ತಟ್ಟೆ. ಅವಳು ತನ್ನ ಹೋಳನ್ನು ತುದಿಯಲ್ಲಿ ಕಚ್ಚಿ ನೋಡಿ ಕೆಳಗಿಟ್ಟಳು.

“ಆ ಪುಡಿ ಈಗಲೂ ಮಾಡ್ತೀಯಾ?”

ಅವನು ಹಿಗ್ಗಿಹೋದ. ಜೇಬಿನಿಂದ ಪೊಟ್ಟಣ ತೆಗೆದು, ಬಿಚ್ಚಿ, ಅವಳ ಕಣ್ಣೆದುರಿಗೇ ತಟ್ಟೆಯ ಕಡೆ ಕೈ ನೀಡಿದ. ಅಕ್ಕ ಪಟ್ಟನೆ ಅವನ ಕೈಗೆ ಹೊಡೆದಳು.

“ಹಿಂಗಲ್ಲ ಕಣಯ್ಯಾ. ತಡಿ. ನಾನು ಆ ಕಡೆ ತಿರುಗ್ತೀನಿ, ಆಮೇಲೆ ಹಾಕು.”