ಪೂಜೆಯಾದ ಲೇತು

ಹನುಮಯ್ಯನ ವಿಷಯ ಬಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವನ ಮೇಲೋ ಆ ಕಂಪನಿಯವರ ಮೇಲೋ, ಅದು ಮಾತ್ರ ಗೊತ್ತಿಲ್ಲ. ರಾಜಾಜಿನಗರ ಇಂಡಸ್ಟ್ರಿಯಲ್ ಟೌನಿನ ಒಂದೇ ಶೆಡ್ಡಿನಲ್ಲಿ ಅವನು ಟರ್ನರ್, ನಾನು ಫಿಟ್ಟರ್. ಕಬ್ಬಿಣ, ಹಿತ್ತಾಳೆ ಕಡೆಯುವ ಒಂದೇ ಲೇತಿನ ಮುಂದೆ ಇಪ್ಪತ್ತಾರು ವರ್ಷ ನಿಂತ ಮನುಷ್ಯ. ಹಿತ್ತಾಳೆ ತುಂಡನ್ನು ಹೆಬ್ಬೆರಳಲ್ಲಿ ಸವರಿ, "ಇನ್ನೊಂದ್ ಕೂದ್ಲಷ್ಟು ತೆಗೀಬೇಕು ಕಣೋ ಕಿಟ್ಟಿ" ಅನ್ನುವನು. ಅಳತೆ ಹಿಡಿದರೆ ಅಷ್ಟೇ ಇರುತ್ತಿತ್ತು.

ಆರ್ಡರು ನಿಂತು ಯಜಮಾನರು ಬೀಗ ಹಾಕಿದಾಗ ನಾನು ಎದುರಿಗೇ ಟೀ ಅಂಗಡಿ ಇಟ್ಟೆ. ಹನುಮಯ್ಯ ಕುರುಬರಹಳ್ಳಿಯ ಮನೆಯಲ್ಲಿ ವರ್ಷವಿಡೀ ಸುಮ್ಮನೆ ಕೂತ. ಸಾಲಿನ ಶೆಡ್ಡುಗಳು ಒಂದೊಂದಾಗಿ ಗೋಡೌನಾದವು. ಆಮೇಲೆ ನಮ್ಮ ಏರಿಯಾ ಉದ್ಧಾರವಾಗತೊಡಗಿತು ನೋಡಿ! ನಮ್ಮ ಶೆಡ್ಡಿಗೆ ಗಾಜು ಹಾಕಿಸಿಕೊಂಡು ಒಂದು ಸ್ಟಾರ್ಟಪ್ ಬಂತು. ಟ್ಯಾಂಕು ತುಂಬಿದ ಕೂಡಲೇ ತಾನೇ ಮುಚ್ಚಿಕೊಂಡು ಮೊಬೈಲಿಗೆ ಮೆಸೇಜು ಕಳಿಸುವ ವಾಲ್ವು ಮಾಡುತ್ತಾರಂತೆ. ನಮ್ಮ ಮನೆಯಲ್ಲಿ ಈ ಕೆಲಸವನ್ನು ನನ್ನ ಹೆಂಡತಿ ಪಂಕಜಾ ಒಂದೇ ಕೂಗಿನಲ್ಲಿ ಮಾಡುತ್ತಾಳೆ, ಇರಲಿ.

ಕಂಪನಿ ಕಟ್ಟಿದ ಹುಡುಗ ಶ್ರೀಶ ಹಳೆಯ ಲೇತನ್ನು ಗುಜರಿಗೆ ಹಾಕಲಿಲ್ಲ. ಹಳದಿ ಬಣ್ಣ ಹೊಡೆಸಿ, ಬಂದವರಿಗೆ ಚೆಂದ ಕಾಣಲಿ ಎಂದು ಬಾಗಿಲಲ್ಲೇ ನಿಲ್ಲಿಸಿದ. ಹನುಮಯ್ಯನನ್ನೂ ಬಾಗಿಲಲ್ಲೇ ನಿಲ್ಲಿಸಿದ, ಸೆಕ್ಯೂರಿಟಿ ಗಾರ್ಡು ಮಾಡಿ. ಹಳೆಯ ಪರಿಚಯದವರು ಬಂದರೆ ಹನುಮಯ್ಯ ಟೋಪಿ ತೆಗೆದು ಬೆನ್ನ ಹಿಂದೆ ಹಿಡಿದುಕೊಳ್ಳುತ್ತಿದ್ದ. ದಿನಾ ಬೆಳಿಗ್ಗೆ ಲೇತಿಗೆ ಎಣ್ಣೆ ಬಿಟ್ಟು ಎರಡು ನಿಮಿಷ ಓಡಿಸುತ್ತಿದ್ದ. ಒಂದಲ್ಲ ಒಂದು ದಿನ ಇದರ ಮುಂದೆ ನಿಲ್ಲಿಸುತ್ತಾರೆ ಎಂಬುದು ಅವನ ಆಸೆ. ಬೇರೇನನ್ನೂ ಅವನು ಕೇಳಿದ್ದೇ ಇಲ್ಲ.

೨೦೦೭ರ ಆಯುಧಪೂಜೆಯ ದಿನ, ಕಂಪನಿಗೆ ದುಡ್ಡು ಹಾಕುವವರು ವಾಲ್ವು ನೋಡಲು ಬರುವವರಿದ್ದರು. ಹನುಮಯ್ಯ ಬೆಳಿಗ್ಗೆಯೇ ಲೇತು ಒರೆಸಿ, ವಿಭೂತಿ ಎಳೆದು, ಕುಂಕುಮ ಇಟ್ಟು, ಬೂದುಗುಂಬಳ ಒಡೆದಿದ್ದ. ಪೂಜೆಯಾದ ಮಿಷನ್ನನ್ನು ಮರುದಿನದ ತನಕ ನಮ್ಮಲ್ಲಿ ಯಾರೂ ಓಡಿಸುವುದಿಲ್ಲ. ಯಜಮಾನರೇ ಬಂದು ಹೇಳಿದರೂ ಇಲ್ಲ. ಹತ್ತೂವರೆಗೆ ಸರಿಯಾಗಿ ವಾಲ್ವು ಕಚ್ಚಿಕೊಂಡಿತು. ಒಳಗೆ ಬಳೆಯ ಹಾಗೆ ಕೂರುವ ಹಿತ್ತಾಳೆ ಬುಷ್ಷು ಬಿಗಿ. ಸುತ್ತಲಿನ ವರ್ಕ್‌ಶಾಪುಗಳಿಗೆಲ್ಲ ರಜೆ. ಶ್ರೀಶನ ಮುಖ ಬಿಳಿಚಿಕೊಂಡಿತು.

ಹನುಮಯ್ಯ ಬುಷ್ಷು ಸವರಿ ನೋಡಿ, "ಹತ್ ನಿಮಿಷದ ಕೆಲ್ಸ ಸಾರ್. ಆದ್ರೆ ಇವತ್ತು ಮಿಷನ್ ಮುಟ್ಟೋ ಹಾಗಿಲ್ಲ" ಅಂದ.

"ಪ್ಲೀಸ್ ಹನುಮಯ್ಯ, ಇದೊಂದ್ ಮಾಡ್ಕೊಡಿ. ಫಂಡಿಂಗ್ ಬಂದ್ರೆ ನೀವೇ ನಮ್ ಟರ್ನರ್. ಗೇಟಿಗೆ ಬೇರೆಯವ್ರನ್ನ ಹಾಕ್ತೀನಿ."

ಟೀ ಕೊಡಲು ಹೋಗಿದ್ದ ನಾನು ಕಣ್ಣಾರೆ ಕಂಡೆ. ಹನುಮಯ್ಯ ಗಲ್ಲ ಗಲ್ಲ ಬಡಿದುಕೊಂಡು, "ತಪ್ಪಾಯ್ತು ತಾಯಿ" ಅಂದು ಹೂವಿನ ಹಾರ ಸರಿಸಿದ.  ಲೇತು ಓಡಿಸಿ ಬುಷ್ಷಿನಿಂದ ಕೂದಲಷ್ಟು ತೆಗೆದುಕೊಟ್ಟ. ದೊಡ್ಡವರು ಬಂದರು, ವಾಲ್ವು ಮುಚ್ಚಿತು, ಮೊಬೈಲು ಕುಂಯ್ ಅಂದಿತು, ಚಪ್ಪಾಳೆ ಬಿತ್ತು. ಬಾಗಿಲಲ್ಲಿ ನಿಂತು ನಾನೂ ತಟ್ಟಿದೆ, ಬೆಪ್ಪನ ಹಾಗೆ.

ದುಡ್ಡು ಬಂತು. ಸತ್ತ ಕೈಗಾರಿಕಾ ಪ್ರದೇಶಕ್ಕೆ ಮರುಜೀವ ಎಂದು ಪೇಪರಿನಲ್ಲೂ ಬಂತು. ದುಡ್ಡು ಹಾಕಿದವರದು ಒಂದೇ ಷರತ್ತು: ಬಿಡಿಭಾಗ ಇಲ್ಲಿ ಮಾಡಕೂಡದು, ಚೀನಾದಿಂದ ತರಿಸಬೇಕು. ಹಾಗಿದ್ದ ಮೇಲೆ ಟರ್ನರ್ ಯಾಕೆ? ಹನುಮಯ್ಯ ಗೇಟಿನಲ್ಲೇ ಉಳಿದ. ಶ್ರೀಶ ತಲೆ ತಗ್ಗಿಸಿ, "ಸಾರಿ ಹನುಮಯ್ಯ, ನನ್ ಕೈಲಿಲ್ಲ" ಅಂದು ದುಡ್ಡಿನ ಒಂದು ಕವರು ಕೊಟ್ಟ.

ನಾನು ಕುದಿದುಹೋದೆ. "ಕೆಲ್ಸ ಮಾಡಿಸ್ಕೊಂಡು ಕೈಯೆತ್ತಿದ್ರಲ್ಲೋ! ಹೋಗಿ ಕೇಳೋ! ನಿಂಗೇನು ಬಾಯಿಲ್ವಾ?"

"ಅವ್ರದ್ದೇನ್ ತಪ್ಪು ಬಿಡೋ. ಹುಡುಗ ಒಳ್ಳೇವ್ನು. ಪೂಜೆ ಆಗಿರೋ ಮಿಷನ್ ಮುಟ್ಟಿದ್ದು ನಾನು. ಅಮ್ಮ ಸುಮ್ನೆ ಬಿಡ್ತಾಳಾ?"

ಆ ಶುಕ್ರವಾರ ನನ್ನನ್ನೂ ಎಳೆದುಕೊಂಡು ಅಮ್ಮನ ಗುಡಿಗೆ ಹೋದ. ಕವರನ್ನು ಒಡೆದೂ ನೋಡದೆ ತಪ್ಪುಕಾಣಿಕೆ ಎಂದು ಹುಂಡಿಗೆ ಹಾಕಿದ. ಕಣ್ಣುಮುಚ್ಚಿ ಬಹಳ ಹೊತ್ತು ನಿಂತೇ ಇದ್ದ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ, ಅಷ್ಟು ಹೊತ್ತು ಏನು ಬೇಡಿಕೊಂಡೆ ಎಂದು ಕೇಳಿದೆ.

"ನನ್ ತಪ್ಪಿಗೆ ಕಂಪ್ನಿಗೇನೂ ತೊಂದ್ರೆ ಆಗ್ದೆ ಇರ್ಲಿ ಅಂತ" ಅಂದ.