ಫರ್ಜಾನಾಳ ಹತ್ತು ಅಂಕದ ಪ್ರಶ್ನೆ

ಜುಲೈ ಆರು, ಭಾನುವಾರ. ಬೆಳಿಗ್ಗೆ ಆರೂವರೆಗೆ ಬರೆಯಲು ಕೂತಿದ್ದೇನೆ.

ಫರ್ಜಾನಾಳ ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ರಾಮನಗರದಲ್ಲಿ ಅವರ ಮನೆಯವರದು ರೇಷ್ಮೆ ನೂಲು ತೆಗೆಯುವ ಕೆಲಸ. ಬೆಳಗಿನ ಜಾವ ಬಿಸಿನೀರಿನಲ್ಲಿ ಗೂಡುಗಳ ಎಳೆ ಹುಡುಕಿಕೊಟ್ಟು, ಆಮೇಲೆ ನಮ್ಮ ಕಾನೂನು ಕಾಲೇಜಿಗೆ ಬರುತ್ತಿದ್ದಳು. ಪಾಠ ಅರ್ಥವಾಗದೆ ನಾನು ಪುಸ್ತಕ ಮುಚ್ಚಿದರೆ, "ಎಳೆ ಸಿಕ್ಕೋಗಂಟ ಕೈ ತೆಗೀಬಾರ್ದು ಕಣೋ ಅಶೋಕ" ಎನ್ನುತ್ತಿದ್ದಳು.

ನಮಗೆ ಅಂತರರಾಷ್ಟ್ರೀಯ ಕಾನೂನು ಎಂದರೆ ಸರ್ ಹೇಳಿ ಬರೆಸುವ ನೋಟ್ಸು. ಅತಿಥಿ ಉಪನ್ಯಾಸಕರಾದ ಅವರ ತಲೆಯ ಮೇಲೆ ಮೂರು ವಿಷಯಗಳಿದ್ದವು. ಆ ಸೆಮಿಸ್ಟರಿನಲ್ಲಿ ಫರ್ಜಾನಾ ಎದ್ದು ಪ್ರಶ್ನೆ ಕೇಳಿದ್ದು ಹನ್ನೊಂದು ಸಲ. ಉಳಿದ ನಾವೆಲ್ಲ ಸೇರಿ ಎರಡು ಸಲ, ಎರಡೂ "ಇಂಟರ್ನಲ್ಸ್ ಯಾವಾಗ ಸಾರ್?" ಡೈರಿಯಲ್ಲಿ ಗೀಟು ಹಾಕಿಟ್ಟಿದ್ದೇನೆ.

ನಮ್ಮ ತರಗತಿಯ ಸಾತನೂರಿನ ಮಹೇಶ ಒಮ್ಮೆ ಛೇಡಿಸಿದ. "ಏನಮ್ಮಾ, ನಮ್ ಕೋರ್ಟ್‌ನಾಗೆ ಈ ಕಾನೂನು ತಕಂಡು ಏನ್ ಮಾಡೀಯೆ? ಬೇಲಿ ಜಗಳ ಐತಲ್ಲ, ಅದ ಓದ್ಕೊ."

"ನಿಮ್ ಬೇಲಿ ನಿಮ್ಮೂರಾಗೇ ಮುಗೀತೈತೆ ಕಣೋ. ನಮ್ಮಣ್ಣ ಬೇಲಿ ದಾಟಿ ಹೋಗವ್ನೆ."

ನಮಗೆ ಗೊತ್ತಾದದ್ದು ಆಗಲೇ. ಗಲ್ಫಿಗೆ ಡ್ರೈವರಾಗಿ ಹೋದ ಅವಳ ಅಣ್ಣ ಅಪಘಾತದ ಕೇಸಿನಲ್ಲಿ ಜೈಲು ಸೇರಿದ್ದ. ಫೋನೂ ನಿಂತುಹೋಗಿತ್ತು.

ಮುಂದಿನ ವಾರ ಸರ್ ಬರೆಸಿದರು: ವಿದೇಶದಲ್ಲಿ ಬಂಧಿತನಾದವನಿಗೆ ತನ್ನ ದೇಶದ ರಾಯಭಾರ ಕಚೇರಿಯನ್ನು ಸಂಪರ್ಕಿಸುವ ಹಕ್ಕಿದೆ; ಅದನ್ನು ಅವನಿಗೆ ತಿಳಿಸಬೇಕು. "ಹತ್ತು ಅಂಕಕ್ಕೆ ಬರುತ್ತೆ, ಅಂಡರ್‌ಲೈನ್ ಮಾಡ್ಕೊಳ್ಳಿ."

ಫರ್ಜಾನಾ ಎದ್ದಳು. "ನಮ್ಮಣ್ಣಂಗೆ ತಿಳಿಸಿರ್ತಾರಾ ಸಾರ್? ಇಲ್ಲಾಂದ್ರೆ ನಾವ್ ಎಲ್ಲಿಗೆ ಅರ್ಜಿ ಹಾಕೋದು?"

ಸರ್ ಪುಸ್ತಕ ಕೆಳಗಿಟ್ಟರು. "ಗೊತ್ತಿಲ್ಲಮ್ಮ. ನಮಗೂ ಹಿಂಗೇ ಬರೆಸಿದ್ರು."

ಮರುದಿನ ಅವರು ನೋಟ್ಸ್ ತರಲಿಲ್ಲ. ಎಲ್ಲಿಗೆ ಬರೆಯಬೇಕೆಂದು ವಿಚಾರಿಸಿಕೊಂಡು ಬಂದಿದ್ದರು. ಅರ್ಜಿಯ ಮೊದಲ ಸಾಲನ್ನು ಬೋರ್ಡಿನ ಮೇಲೆ ಬರೆದರು. ಉಳಿದದ್ದನ್ನು ಎಲ್ಲರೂ ಸೇರಿ ಮುಗಿಸಿದೆವು. "ಪಾಸ್‌ಪೋರ್ಟ್ ನಂಬರ್ ಐತೇನಮ್ಮಾ?" ಎಂದು ಮಹೇಶನೇ ಕೇಳಿದ. ಅವಳಿಗೆ ಅದು ಬಾಯಿಪಾಠವಾಗಿತ್ತು. ನಮಗೆ ಯಾರಾದರೂ ಈ ವಿಷಯ ಕಲಿಸಿದ್ದರೆ, ಅದು ಆ ಒಂದು ಗಂಟೆಯಲ್ಲೇ.

ಕಳಿಸಿದ ಅರ್ಜಿಗೆ ಉತ್ತರ ಬರಲಿಲ್ಲ. ಒಂದು ದಿನ ಫರ್ಜಾನಾಳೂ ಬರಲಿಲ್ಲ. ನಾನೂ ಮಹೇಶನೂ ಅವರ ಮನೆಗೆ ಹೋದಾಗ ಬೀಗ ಹಾಕಿತ್ತು. ಸಂಸಾರ ಸಮೇತ ಊರು ಬಿಟ್ಟರೆಂದು ಪಕ್ಕದವರು ಹೇಳಿದರು. ಎಲ್ಲಿಗೆಂದು ಅವರಿಗೂ ಗೊತ್ತಿರಲಿಲ್ಲ.

ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. ನನ್ನ ಮುಂದಿನ ಬೆಂಚು ಖಾಲಿಯಿತ್ತು. ಕೊಠಡಿಯಲ್ಲಿ ಎಲ್ಲರೂ ತಲೆ ಬಗ್ಗಿಸಿ ಉತ್ತರ ಬರೆಯುತ್ತಿದ್ದರು. ನನಗೂ ಹತ್ತಕ್ಕೆ ಎಂಟು ಬಂತು.

ಅವಳು ಎಲ್ಲಿದ್ದಾಳೆಂದು ಬಲ್ಲವರಿದ್ದರೆ ದಯವಿಟ್ಟು ಬರೆಯಿರಿ. ಅವಳ ವಿಳಾಸ ಕೊಡಬೇಕಿಲ್ಲ. ಅಣ್ಣ ಮನೆಗೆ ಬಂದನೇ, ಅಷ್ಟು ತಿಳಿಸಿದರೆ ಸಾಕು.