ಭಾಷೆ ಕಳೆದುಕೊಂಡವರೊಬ್ಬರನ್ನು ಪಾಠಕ್ಕೆ ಕರೆತಂದದ್ದು

ಈ ಕೊಲ್ಲಿ ದೇಶದ ಒಲಾಯಾ ಬಡಾವಣೆಯಲ್ಲಿರುವ ನಮ್ಮ ಕಚೇರಿಯಲ್ಲಿ ಮಧ್ಯಾಹ್ನದ ಊಟಕ್ಕೆ ನನ್ನ ಎದುರು ಕುಳಿತುಕೊಳ್ಳುವವರು ಒಬ್ಬರೇ ಉಳಿದಿದ್ದರು. ಮಿಕ್ಕವರನ್ನು ನಾನೇ ಒಬ್ಬೊಬ್ಬರಾಗಿ ಓಡಿಸಿದ್ದೆ. ಕೇರಳದ ಸಹೋದ್ಯೋಗಿಯೊಬ್ಬರು ಇಂಗ್ಲಿಷಿನಲ್ಲಿ ತಮಾಷೆಯ ಕತೆ ಹೇಳಿದರೆ, ಎಲ್ಲರೂ ನಗುವ ಹೊತ್ತಿಗೆ ನಾನು ಅದರ ಕ್ರಿಯಾಪದವನ್ನು ಸರಿಪಡಿಸುತ್ತಿದ್ದೆ. ಈಜಿಪ್ಟಿನ ಮ್ಯಾನೇಜರರ ರಜೆ ಅರ್ಜಿ ಕೈತಪ್ಪಿ ನನ್ನ ಮೇಜಿಗೆ ಬಂದಾಗ, ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಹತ್ತಕ್ಕೆ ನಾಲ್ಕು ಅಂಕ ಕೊಟ್ಟು ಹಿಂದಿರುಗಿಸಿದ್ದೆ. ಇಪ್ಪತ್ತು ವರ್ಷ ಶಾಲೆಯಲ್ಲಿ ಕನ್ನಡವನ್ನೂ ಇಂಗ್ಲಿಷನ್ನೂ ಕಲಿಸಿದವನಿಗೆ, ಶಾಲೆ ಬಿಟ್ಟ ಮೇಲೆ ಜಗತ್ತೆಲ್ಲ ತಿದ್ದದೆ ಬಿಟ್ಟ ಉತ್ತರಪತ್ರಿಕೆಯಂತೆ ಕಾಣುತ್ತದೆ. ನಾವು ಮಾಡುವುದು ಅನುವಾದದ ಕೆಲಸ. ಇಂಗ್ಲಿಷ್ ದಾಖಲೆಗಳನ್ನು ಪರಿಶೀಲಿಸುವುದು ನನ್ನ ಹೊಣೆ, ಫ್ರೆಂಚ್ ದಾಖಲೆಗಳದ್ದು ಎದುರು ಕುಳಿತುಕೊಳ್ಳುವ ಆ ಗೆಳೆಯರ ಹೊಣೆ.

ಅವರು ಮಾರಿಷಸ್ಸಿನವರು. ಆದರೆ ಮಂಗಳೂರಿನ ಬಸ್ಸಿನಲ್ಲಿ ಕುಳಿತರೆ ಕಂಡಕ್ಟರು ಯಾವ ಅನುಮಾನವೂ ಇಲ್ಲದೆ ತುಳುವಿನಲ್ಲೇ ಮಾತಾಡಿಸುವಂಥ ಮುಖ. ಮೊದಲ ದಿನ ನಾನು ಅವರನ್ನು ಕ್ರಮವಾಗಿ ಕನ್ನಡ, ತುಳು, ಹಿಂದಿ, ನನಗೆ ಬಾರದ ತಮಿಳು, ಇಷ್ಟರಲ್ಲಿಯೂ ವಿಚಾರಿಸಿದೆ. ಪ್ರತಿಯೊಂದಕ್ಕೂ ಅವರು ನಗುತ್ತ ಬಾರದೆಂದು ತಲೆಯಾಡಿಸಿದರು. ಇಲ್ಲಿನ ವಾಸದ ಪರವಾನಗಿಯಾದ ಇಕಾಮಾ ತೋರಿಸಿದರು. ರಾಷ್ಟ್ರೀಯತೆಯ ಮುಂದೆ ‘ಮಾರಿಷಸ್’ ಎಂದಿತ್ತು. ಗುಮಾಸ್ತರ ತಪ್ಪಿರಬೇಕು, ಕೂಡಲೇ ತಿದ್ದಿಸಿಕೊಳ್ಳಿ ಎಂದು ಸಲಹೆ ಕೊಟ್ಟೆ.

ಇಷ್ಟಾದ ಮೇಲೂ ಅವರು ಮರುದಿನ ನನ್ನ ಜೊತೆಗೇ ಊಟಕ್ಕೆ ಕುಳಿತರು. ಆರು ವರ್ಷ ಕುಳಿತರು. ನನ್ನ ತಿದ್ದುಪಡಿಗಳನ್ನು ಅವರು ಬೇಸಗೆಯ ಬಿಸಿಗಾಳಿಯಂತೆ, ಈ ಊರಿನಲ್ಲಿ ಇದು ಹೀಗೆಯೇ ಎಂದು ಸಹಿಸಿಕೊಂಡಿದ್ದರು. ಡಬ್ಬಿಯಲ್ಲಿ ಅವರು ತರುತ್ತಿದ್ದುದು ಬೇಳೆಯ ಹೂರಣ ತುಂಬಿದ ತೆಳ್ಳನೆಯ ರೊಟ್ಟಿ. ಅವರ ದ್ವೀಪದಲ್ಲಿ ಅದನ್ನು ಬೀದಿಬೀದಿಯಲ್ಲಿ ಮಾರುತ್ತಾರಂತೆ. ಒಂದನ್ನು ತಿಂದು ನೋಡಿ, ಇದು ಬೆಲ್ಲ ಹಾಕಲು ಮರೆತ ಹೋಳಿಗೆ ಎಂದು ತೀರ್ಪು ಕೊಟ್ಟೆ. “ನಾವು ಮರೆತಿಲ್ಲ, ಟೀಚರ್. ನಮಗೆ ಹೀಗೆಯೇ ಇಷ್ಟ,” ಎಂದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರ ದೇಶದ ಕತೆಯನ್ನು ನಾನು ಊಟದ ವೇಳೆಯಲ್ಲಿ ಕಂತುಗಳಲ್ಲಿ ಕೇಳಿದೆ. ಮೊದಲು ಫ್ರೆಂಚರು ಬಂದು ಕಬ್ಬು ನೆಟ್ಟರು. ಆಫ್ರಿಕಾದಿಂದ ಗುಲಾಮರನ್ನು ತಂದರು. ಆಮೇಲೆ ಇಂಗ್ಲಿಷರು ಯುದ್ಧ ಮಾಡಿ ದ್ವೀಪವನ್ನು ಕಿತ್ತುಕೊಂಡರು. ಆದರೆ ಫ್ರೆಂಚರ ಕಾನೂನನ್ನೂ ಭಾಷೆಯನ್ನೂ ಪದ್ಧತಿಗಳನ್ನೂ ಮುಟ್ಟುವುದಿಲ್ಲವೆಂದು ಮಾತು ಕೊಟ್ಟರು. ಗುಲಾಮಗಿರಿ ನಿಂತ ಮೇಲೆ ಕಬ್ಬು ಕಡಿಯಲು ನಮ್ಮ ಕಡೆಯವರನ್ನು ಹಡಗಿನಲ್ಲಿ ತುಂಬಿ ಒಯ್ದರು. ಹೀಗೆ ತೆಲುಗು ಸೀಮೆಯಿಂದ ಹೋದ ಮುತ್ತಜ್ಜನ ಮರಿಮಗನಾದ ನನ್ನ ಗೆಳೆಯರು ಶಾಲೆಯ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆದು, ವೃತ್ತಪತ್ರಿಕೆಯನ್ನು ಫ್ರೆಂಚಿನಲ್ಲಿ ಓದಿ, ಜಗಳವನ್ನು ಕ್ರಿಯೋಲಿನಲ್ಲಿ ಆಡಿ ಬೆಳೆದರು. ಕ್ರಿಯೋಲ್ ಎಂದರೆ ಕಬ್ಬಿನ ತೋಟಗಳಲ್ಲಿ ಹುಟ್ಟಿಕೊಂಡ, ಫ್ರೆಂಚನ್ನು ಹೋಲುವ ಭಾಷೆ. ತೆಲುಗಿನಲ್ಲಿ ಅವರಿಗೆ ಬರುವುದು ಒಂದು ರಾಮಭಜನೆ ಮಾತ್ರ, ಅದೂ ಅರ್ಥವಿಲ್ಲದೆ.

ಇಂಥ ಕತೆಯನ್ನು ಕೇಳಿ ಬೇರೆ ಯಾರಾದರೂ ಬೆರಗಾಗುತ್ತಿದ್ದರು. ನನಗೆ ಅದರಲ್ಲಿ ಒಂದು ಬೋಧನೋಪಕರಣ ಕಾಣಿಸಿತು.

ಶುಕ್ರವಾರ ಸಂಜೆ ನಾನು ನಮ್ಮ ಕರಾವಳಿಯ ಮಕ್ಕಳಿಗೆ ಕನ್ನಡ ಪಾಠ ಮಾಡುತ್ತಿದ್ದೆ. ಉಡುಪಿ ಕಡೆಯ ಬ್ಯಾರಿ ವ್ಯಾಪಾರಿಯೊಬ್ಬರು ತಮ್ಮ ಅಂಗಡಿಯ ಮೇಲಿನ ಕೋಣೆಯನ್ನು ಅದಕ್ಕೆ ಬಿಟ್ಟುಕೊಟ್ಟಿದ್ದರು. ಹತ್ತೊಂಬತ್ತು ಮಕ್ಕಳಿಂದ ಶುರುವಾದ ತರಗತಿ ಒಂಬತ್ತಕ್ಕೆ ಇಳಿದಿತ್ತು. ಆ ಒಂಬತ್ತರಲ್ಲಿ ಒಬ್ಬಳು ನನ್ನ ಮಗಳಾದ್ದರಿಂದ ಅವಳನ್ನು ಲೆಕ್ಕಕ್ಕೆ ಹಿಡಿಯುವುದು ನ್ಯಾಯವಲ್ಲ. ನಾನು ವಿಭಕ್ತಿಗಳನ್ನು ಹೇಳಿಕೊಡುವಾಗ ಮಕ್ಕಳು ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಿದ್ದರು.

“ಮಾಷ್ಟ್ರೇ, ಬೇಜಾರ ಮಾಡ್ಕೊಳ್ಬೇಡಿ,” ಎಂದರು ವ್ಯಾಪಾರಿ ಒಂದು ದಿನ. “ಈ ಒಂಬತ್ತೂ ಬರುವುದು ಪಾಠ ಮುಗಿದ ಮೇಲೆ ನಾನು ಕೊಡುವ ಸಮೋಸಕ್ಕೆ ಮಾರಾಯ್ರೆ.”

ಭಾಷೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕು ಎಂದು ನಾನು ನಿಶ್ಚಯಿಸಿದೆ. ತೋರಿಸಲು ನನ್ನ ಬಳಿ ಒಬ್ಬರು ಇದ್ದರು. ಮಕ್ಕಳಿಗೆ ನಿಮ್ಮ ದೇಶದ ಬಗ್ಗೆ ಹೇಳುತ್ತೀರಾ ಎಂದು ಕೇಳಿದಾಗ ಗೆಳೆಯರು ಸಂತೋಷದಿಂದ ಒಪ್ಪಿದರು. ಭಾಷಣವನ್ನು ನಾನೇ ಬರೆದುಕೊಡುತ್ತೇನೆ ಎಂದೆ. ಅದು ಸಾವಧಾನವಾಗಿ ಕಟ್ಟಿದ ಒಂದೂವರೆ ಪುಟದ ಇಂಗ್ಲಿಷ್ ಗದ್ಯ. ಕೊನೆಯಲ್ಲಿ ಮಾತ್ರ ಒಂದು ಕನ್ನಡ ವಾಕ್ಯವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ: ‘ಮಕ್ಕಳೇ, ನೀವು ನನ್ನ ಹಾಗೆ ಆಗಬೇಡಿ.’ ಅವರು ಅದನ್ನು ಮೂರು ದಿನ ಊಟದ ಮೇಜಿನಲ್ಲಿ ಅಭ್ಯಾಸ ಮಾಡಿದರು. ಅವರ ಳಕಾರವನ್ನು ನಾನು ಹನ್ನೆರಡು ಸಲ ತಿದ್ದಿದೆ.

“ಇದರ ಅರ್ಥವೇನು?” ಎಂದು ಕೇಳಿದರು.

“ಮಕ್ಕಳಿಗೆ ಹಿತವಚನ,” ಎಂದೆ.

ಮನೆಯಲ್ಲಿ ಹೆಂಡತಿ ಆ ಹಾಳೆಯನ್ನು ಓದಿದಳು. “ಇದರ ಅರ್ಥ ಅವರಿಗೆ ಹೇಳಿದ್ದೀರಾ ನೀವು?”

“ಸಾರಾಂಶ ಹೇಳಿದ್ದೇನೆ.”

“ಎಂತ ಸಾರಾಂಶ ಮಾರಾಯ್ರೆ! ನಿಮ್ಮ ಕೈಗೆ ಯಾರಾದ್ರೂ ಹೀಗೆ ಚೀಟಿ ಬರೆದು ಕೊಟ್ಟು, ನಾನು ದಂಡಪಿಂಡ ಅಂತ ಓದಿಸಿದ್ರೆ ಆಗ್ತದಾ? ನಿಮ್ಮೊಟ್ಟಿಗೆ ಊಟಕ್ಕೆ ಕೂರುವ ಒಂದು ಜನ ಅವರು. ಅವರೂ ಹೋದ್ರೆ ಮತ್ತೆ ಗೋಡೆಯನ್ನು ತಿದ್ದಿಕೊಂಡು ಉಣ್ಣಿ.”

ಅವಳ ಮಾತು ಸರಿಯೆಂದು ನನಗೆ ಆಗಲೇ ಗೊತ್ತಿತ್ತು. ಆದರೆ ಭಾಷಣದ ಕಟ್ಟು ಚೆನ್ನಾಗಿ ಬಂದಿತ್ತು. ಆ ಕೊನೆಯ ವಾಕ್ಯವನ್ನು ತೆಗೆದರೆ ಪರಿಣಾಮ ಕುಗ್ಗುತ್ತಿತ್ತು. ಒಬ್ಬ ಗೆಳೆಯನಿಗಿಂತ ಒಂದು ಸಮಾರೋಪ ವಾಕ್ಯ ಹೆಚ್ಚೆಂದು ತೋರುವ ಬುದ್ಧಿ ಎಂಥದೆಂದು ಓದುಗರು ತೀರ್ಮಾನಿಸಲಿ.

ಆ ಶುಕ್ರವಾರ ಗೆಳೆಯರು ಮಕ್ಕಳಿಗೆಂದು ಒಂದು ಡಬ್ಬಿ ತುಂಬ ಬೇಳೆರೊಟ್ಟಿ ಮಾಡಿಕೊಂಡು, ಇಸ್ತ್ರಿಯಾದ ಅಂಗಿ ತೊಟ್ಟು, ಮೆಟ್ರೊ ಹಿಡಿದು ಬಂದರು. ಭಾಷಣವನ್ನು ಪ್ರಾಮಾಣಿಕವಾಗಿ ಓದಿದರು. ನಾನು ಬರೆದ ‘ಬೇರು ಕಡಿದುಕೊಂಡವರು’ ಎಂಬಂಥ ಪದಗಳು ಬಂದಾಗ ಸ್ವಲ್ಪ ತಡವರಿಸಿ ನನ್ನತ್ತ ನೋಡಿದರು. ನಾನು, ಮುಂದುವರಿಸಿ ಎಂದು ಕೈಸನ್ನೆ ಮಾಡಿದೆ. ಕೊನೆಗೆ ಹಾಳೆಯನ್ನು ಮಡಿಸಿ, ಮುಗುಳ್ನಕ್ಕು, ಒಂದೇ ಒಂದು ಉಚ್ಚಾರದೋಷವಿಲ್ಲದೆ ಹೇಳಿದರು: “ಮಕ್ಕಳೇ, ನೀವು ನನ್ನ ಹಾಗೆ ಆಗಬೇಡಿ.”

ಆ ತರಗತಿಯ ಇತಿಹಾಸದಲ್ಲಿಯೇ ಮೊದಲ ಬಾರಿಗೆ ಒಂದು ಇಡೀ ಕನ್ನಡ ವಾಕ್ಯ ಎಲ್ಲ ಮಕ್ಕಳಿಗೂ ಅರ್ಥವಾಗಿತ್ತು.

ನನ್ನ ಮಗಳೇ ಇಂಗ್ಲಿಷಿನಲ್ಲಿ ಕೇಳಿದಳು: “ಯಾಕೆ ಅಂಕಲ್? ನಿಮ್ಮ ಹಾಗೆ ಆದ್ರೆ ಏನು ತಪ್ಪು?”

ತಾವು ಹೇಳಿದ್ದೇನೆಂದು ಅವರಿಗೆ ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ಆಮೇಲೆ ಹಾಳೆಯತ್ತ ನೋಡಿದರು, ನನ್ನತ್ತ ನೋಡಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ರೊಟ್ಟಿಯ ಡಬ್ಬಿ ಇಟ್ಟರು.

“ಒಳ್ಳೆಯ ಪ್ರಶ್ನೆ,” ಎಂದರು. “ನನ್ನ ಅಜ್ಜಿಯ ಕತೆ ಹೇಳುತ್ತೇನೆ. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ಅವಳು ಕುದುರೆ ರೇಸಿನ ಮೈದಾನಕ್ಕೆ ಹೋಗಿದ್ದಳು. ಇಂಗ್ಲಿಷರ ಬಾವುಟ ಕೆಳಗಿಳಿಯಿತು, ನಮ್ಮದು ಮೇಲೇರಿತು. ಭಾಷಣಗಳು ಅವಳಿಗೆ ಒಂದಕ್ಷರವೂ ತಿಳಿಯಲಿಲ್ಲ. ಪಕ್ಕದಲ್ಲಿ ನಿಂತಿದ್ದವಳು ಗುಲಾಮರಾಗಿ ಬಂದವರ ಮನೆತನದ ಹೆಂಗಸು. ಅವಳು ಇಂಗ್ಲಿಷನ್ನು ಅಷ್ಟಿಷ್ಟು ತಿಳಿದವಳು. ಅವಳೇ ಅಜ್ಜಿಯ ಕಿವಿಯಲ್ಲಿ ಹೇಳಿದಳು, ಇನ್ನು ಮೇಲೆ ಧಣಿ ಇಲ್ಲವಂತೆ ಅಂತ. ಯಾವ ಭಾಷೆಯಲ್ಲಿ ಹೇಳಿದಳು?”

“ಕ್ರಿಯೋಲ್!” ಎಂದವು ಮಕ್ಕಳು.

“ಹೌದು. ಅಜ್ಜಿ ಅತ್ತದ್ದೂ ಕ್ರಿಯೋಲಿನಲ್ಲೇ. ಎಲ್ಲರೂ ಸಂತೋಷಪಡಲಿಲ್ಲ, ಗೊತ್ತೇ? ಸ್ವಾತಂತ್ರ್ಯ ಬೇಡ ಎಂದವರು ನಮ್ಮ ಬೀದಿಯಲ್ಲೇ ಬಹಳ ಮಂದಿ. ಭಾರತದವರ ಕೈ ಮೇಲಾದರೆ ತಮ್ಮ ಗತಿಯೇನು ಎಂದು ಅವರಿಗೆ ಹೆದರಿಕೆ. ಆ ದಿನ ಕಿಟಕಿ ಮುಚ್ಚಿಕೊಂಡು ಕುಳಿತವರೂ, ಮೈದಾನದಲ್ಲಿ ಕುಣಿದವರೂ ಮರುದಿನ ಮೀನಿನ ಅಂಗಡಿಯಲ್ಲಿ ಒಂದೇ ಭಾಷೆಯಲ್ಲಿ ಚೌಕಾಸಿ ಮಾಡಿದರು. ಫ್ರೆಂಚರು ಅದನ್ನು ನಮಗೆ ಕೊಡಲಿಲ್ಲ. ಇಂಗ್ಲಿಷರೂ ಕೊಡಲಿಲ್ಲ. ನಾವು ಮಾಡಿಕೊಂಡದ್ದು. ಮುತ್ತಜ್ಜನ ತೆಲುಗು ಹೋಯಿತು, ಅದು ನನಗೆ ದುಃಖವೇ. ಆದರೆ ನಾನು ಮೂಕನಲ್ಲ.” ಆಮೇಲೆ ಮಕ್ಕಳನ್ನು ಕೇಳಿದರು: “ಈಗ ನಿಮ್ಮ ಅಜ್ಜಿಯರ ಭಾಷೆ ಯಾವುದು ಹೇಳಿ.”

ತುಳು, ತುಳು, ಬ್ಯಾರಿ, ಕೊಂಕಣಿ, ಬ್ಯಾರಿ, ನವಾಯತಿ, ತುಳು, ಕೊಂಕಣಿ. ಕೊನೆಯಲ್ಲಿ ನನ್ನ ಮಗಳು: “ತುಳು. ಪಪ್ಪಂದೂ ತುಳುವೇ.”

ಬಾಗಿಲಲ್ಲಿ ನಿಂತಿದ್ದ ವ್ಯಾಪಾರಿ ಗೊಳ್ಳೆಂದು ನಕ್ಕರು. “ಕನ್ನಡದ ಒಂದು ಅಜ್ಜಿಯೂ ಸಿಗ್ಲಿಲ್ವಲ್ಲ ಮಾಷ್ಟ್ರೇ ನಿಮಗೆ!”

ನನಗೆ ನಗಲಾಗಲಿಲ್ಲ. ಊರಿನ ಶಾಲೆಯಲ್ಲಿದ್ದಾಗ, ತರಗತಿಯಲ್ಲಿ ತುಳು ಮಾತಾಡಿದ ಮಕ್ಕಳನ್ನು ಹೊರಗೆ ನಿಲ್ಲಿಸುತ್ತಿದ್ದವನು ನಾನು. ನಾನು ವಿದ್ಯಾರ್ಥಿಯಾಗಿದ್ದಾಗ ನನ್ನನ್ನೂ ಹಾಗೆಯೇ ನಿಲ್ಲಿಸಿದ್ದರು. ಆ ಕ್ರಮ ಅಷ್ಟು ಹಿಡಿಸಿತ್ತೆಂದು ಕಾಣುತ್ತದೆ. ನಾನು ನನ್ನ ಗೆಳೆಯರಿಗೆ ಫ್ರೆಂಚರ ಮತ್ತು ಇಂಗ್ಲಿಷರ ದಬ್ಬಾಳಿಕೆಯ ಬಗ್ಗೆ ಆರು ವರ್ಷ ಸಹಾನುಭೂತಿ ತೋರಿಸಿದ್ದೆ. ತೋಟದ ಧಣಿಗೆ ಬೇಕಾದ ಗುಣಗಳೆಲ್ಲ ನನ್ನಲ್ಲಿಯೇ ಇದ್ದವು, ಕಬ್ಬೊಂದು ಇರಲಿಲ್ಲ.

ಮಕ್ಕಳು ಬೇಳೆರೊಟ್ಟಿಗೆ ಮುಗಿಬಿದ್ದರು, ಸಮೋಸ ತಣ್ಣಗಾಯಿತು. ಗೆಳೆಯರು ಪ್ರತಿಯೊಬ್ಬರ ಹೆಸರು ಕೇಳಿ ಮಾತಾಡಿಸಿದರು. ಹೊರಡುವಾಗ ನನಗೆ, “ಧನ್ಯವಾದ, ಟೀಚರ್. ಉಚ್ಚಾರಣೆ ಸರಿಯಾಗಿತ್ತಲ್ಲವೇ?” ಎಂದರು. ಅವರ ದನಿ ಏರಿರಲಿಲ್ಲ. ಬೈದಿದ್ದರೆ ಆ ಬೈಗುಳದಲ್ಲಿ ಒಂದಾದರೂ ತಪ್ಪು ಹುಡುಕಿ ಸಮಾಧಾನ ಪಡುತ್ತಿದ್ದೆನೇನೋ.

ವಾರದ ರಜೆ ಮುಗಿದು ಭಾನುವಾರ ಕಚೇರಿ ತೆರೆಯಿತು. ಮಧ್ಯಾಹ್ನ ಅವರು ಡಬ್ಬಿ ಹಿಡಿದು ಕ್ಯಾಂಟೀನಿಗೆ ಬಂದು, ನನ್ನ ಮೇಜನ್ನು ದಾಟಿ, ಕೇರಳದ ಸಹೋದ್ಯೋಗಿಯ ಪಕ್ಕದಲ್ಲಿ ಕುಳಿತರು. ಅಲ್ಲಿಂದ ನಗು ಕೇಳಿಸುತ್ತಿತ್ತು. ಆ ನಗುವನ್ನು ನಡುವೆ ತಡೆದು ತಿದ್ದುವವರು ಯಾರೂ ಇರಲಿಲ್ಲ. ನನ್ನ ಎದುರಿನ ಕುರ್ಚಿಯನ್ನು ಯಾರೋ, ಖಾಲಿಯಿದೆಯಲ್ಲ ಎಂದು ಕೇಳಿ, ಎತ್ತಿಕೊಂಡು ಹೋದರು.

ಅಂದು ಸಂಜೆ ಕ್ಷಮಾಪಣೆಯ ಪತ್ರ ಬರೆದೆ. ಪೀಠಿಕೆ, ಘಟನೆಯ ವಿವರ, ನನ್ನ ಉದ್ದೇಶದ ಸ್ಪಷ್ಟನೆ, ಉಪಸಂಹಾರ. ಅಂಕಿ ಹಾಕಿದ ಐದು ಕಾರಣಗಳು. ಹೆಂಡತಿಗೆ ಓದಿ ಹೇಳಿದೆ.

“ಇದು ಕ್ಷಮೆ ಕೇಳುವುದಾ, ಕೇಸು ಹಾಕುವುದಾ?” ಎಂದಳು. “ಅವರ ಹತ್ರ ಹೋಗಿ, ತಪ್ಪಾಯ್ತು ಅಂತ ಹೇಳಿ. ಅಷ್ಟೇ. ಅದಕ್ಕೆ ಪೀಠಿಕೆ ಎಂತಕ್ಕೆ?”

ಪತ್ರವನ್ನು ಹರಿದೆ. ಅವರ ಭಾಷೆಯಲ್ಲಿಯೇ ಹೇಳಬೇಕೆಂದು ತೋಚಿತು. ಫೋನಿನಲ್ಲಿ ಪಾಠ ಸಿಕ್ಕಿತು. ನಾಲ್ಕು ಸಂಜೆ, ಮಗಳು ಬಾಗಿಲಾಚೆ ನಿಂತು ನಗುತ್ತಿದ್ದರೂ, ಕನ್ನಡಿಯ ಮುಂದೆ ಮೂಗಿನ ಸ್ವರಗಳನ್ನು ಅಭ್ಯಾಸ ಮಾಡಿದೆ. ಗುರುವಾರ ಮಧ್ಯಾಹ್ನ ತಟ್ಟೆ ಹಿಡಿದುಕೊಂಡು ಅವರ ಮೇಜಿನ ಬಳಿ ಹೋಗಿ ನಿಂತು, ಇಡೀ ವಾಕ್ಯವನ್ನು ಒಂದೇ ಉಸಿರಿಗೆ ಒಪ್ಪಿಸಿದೆ: ನಿಮ್ಮನ್ನು ಅವಮಾನಿಸಿದ್ದೇನೆ, ದಯವಿಟ್ಟು ನನ್ನನ್ನು ಕ್ಷಮಿಸಬೇಕಾಗಿ ವಿನಂತಿಸುತ್ತೇನೆ, ಎಂಬರ್ಥದ್ದು.

ಮೇಜಿನಲ್ಲಿದ್ದವರೆಲ್ಲ ತಲೆಯೆತ್ತಿದರು. ಗೆಳೆಯರು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಿಂದಿರುಗಿಸಿದರು.

“ಇದನ್ನು ಎಲ್ಲಿ ಕಲಿತಿರಿ?”

“ಫೋನಿನಲ್ಲಿ. ನಿಮ್ಮ ಭಾಷೆಯಲ್ಲಿಯೇ ಕೇಳಬೇಕೆಂದು.”

“ಟೀಚರ್, ಇದು ಫ್ರೆಂಚ್. ಪ್ಯಾರಿಸ್ಸಿನ ಫ್ರೆಂಚ್. ಕ್ರಿಯೋಲ್ ಅಲ್ಲ.”

“ಗೊತ್ತು. ಕ್ರಿಯೋಲಿಗಿಂತ ಇದು ಶುದ್ಧ, ಹೆಚ್ಚು ಗೌರವ ಎಂದುಕೊಂಡು...” ವಾಕ್ಯವನ್ನು ಜೀವನದಲ್ಲಿ ಮೊದಲ ಬಾರಿಗೆ ಅರ್ಧಕ್ಕೆ ಬಿಟ್ಟೆ. ಆದರೆ ಬೇಕಾದದ್ದಷ್ಟೂ ಹೊರಬಂದಾಗಿತ್ತು.

ಅವರು ನನ್ನನ್ನು ನೋಡಿದರು. ಮೊದಲು ಭುಜಗಳು ಅಲುಗಿದವು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನನ್ನ ಮುತ್ತಜ್ಜನನ್ನು ತೋಟದ ಧಣಿ ದಿನಾ ಬೈಯುತ್ತಿದ್ದುದು ಇದೇ ಭಾಷೆಯಲ್ಲಿ,” ಎಂದರು. “ಅಜ್ಜನನ್ನು ಆ ಧಣಿಯ ಮಗ ಬೈದ. ನಮ್ಮ ವಂಶದಲ್ಲಿ ಇಷ್ಟು ಶುದ್ಧ ಫ್ರೆಂಚಿನಲ್ಲಿ ಯಾರೂ ಯಾರಿಂದಲೂ ಕ್ಷಮೆ ಕೇಳಿಸಿಕೊಂಡದ್ದಿಲ್ಲ. ತಾಳಿ, ಕೂರಬೇಡಿ.”

ಜೇಬಿನಿಂದ ಫೋನ್ ತೆಗೆದು, ಪರದೆಯನ್ನು ಅಂಗಿಗೆ ಒರೆಸಿ, ನನ್ನ ಮುಖದ ಮುಂದೆ ಹಿಡಿದರು.

“ಇನ್ನೊಮ್ಮೆ ಹೇಳಿ. ಸ್ವಲ್ಪ ಗಟ್ಟಿಯಾಗಿ. ಅಮ್ಮನಿಗೆ ಕಳಿಸಬೇಕು.”

ತಟ್ಟೆ ಹಿಡಿದುಕೊಂಡೇ ಇನ್ನೊಮ್ಮೆ ಹೇಳಿದೆ.